ಔಷಧಿ ಹೊಡೆಯುವ ಪಂಪಿಗೆ ಹೊಸ ಬ್ಯಾಟರಿ: ಎಎಚ್‌ನಿಂದ ವ್ಯಾಟ್-ಅವರ್‌ಗೆ, ಅಲ್ಲಿಂದ ಎಕರೆಗೆ

ಹಾಸನದ ಹತ್ತಿರ ನಮ್ಮ ಮಾವನ ಹೊಲವಿದೆ. ಅವರ ಹತ್ತಿರ ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಬ್ಯಾಟರಿ ಪಂಪ್ ಒಂದಿದೆ. ಆಲೂಗಡ್ಡೆಗೆ ಅಂಗಮಾರಿ ಬರುವ ಕಾಲದಲ್ಲಿ ಅದಕ್ಕೆ ಬಿಡುವೇ ಇರುವುದಿಲ್ಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಔಷಧಿ ಹೊಡೆಯುವುದು ಎರಡು ದಿನ ತಡವಾದರೂ ಬೆಳೆ ಕೈಬಿಟ್ಟು ಹೋಗಬಹುದು. ಅಂಥ ಹೊತ್ತಿನಲ್ಲೇ ಪಂಪು ನಾಲ್ಕೈದು ಟ್ಯಾಂಕಿಗೆ ನಿಂತು ಹೋಗುತ್ತಿತ್ತು.

ಮಾವ ಫೋನ್ ಮಾಡಿದರು. "ಒಬ್ಬ 12 ಎಎಚ್ ಹಾಕ್ಸಿ ಅಂತಾನೆ, ಇನ್ನೊಬ್ಬ 7800 ಎಂಎಎಚ್ ಲಿಥಿಯಂ ಇದೆ ಅಂತಾನೆ. ಯಾವ್ದು ಜಾಸ್ತಿ ಹೇಳಪ್ಪ?"

"ಅದು ಎಷ್ಟು ವೋಲ್ಟಿಗೆ ಅಂತ ಕೇಳಿದ್ರಾ ಮಾವ?"

"ಎಲ್ಲಾ 12 ವೋಲ್ಟೇ ಅಂದ್ರು."

ಪಂಪನ್ನೇ ಬಸ್ಸಿಗೆ ಹಾಕಿ ಕಳಿಸಿ ಅಂದೆ. ಈ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಹೇಳಲು ನನಗೆ ಇಷ್ಟವಿರಲಿಲ್ಲ. ಅಂಗಡಿಯ ಚೀಟಿಯಲ್ಲಿ ಇರುವ ಅಂಕಿ ಒಂದು, ಹೊಲಕ್ಕೆ ಬೇಕಾದ ಅಂಕಿ ಇನ್ನೊಂದು. ಎರಡನ್ನೂ ಒಂದೇ ಅಳತೆಗೆ ತರಬೇಕು. ಆ ಅಳತೆ ವ್ಯಾಟ್-ಅವರ್, ಅಂದರೆ ಬ್ಯಾಟರಿ ಕೊಡುವ ಒಟ್ಟು ಶಕ್ತಿ. ಎಎಚ್ (ಆಂಪ್-ಅವರ್) ಹೇಳುವುದು ಎಷ್ಟು ಆಂಪ್ ಕರೆಂಟ್ ಎಷ್ಟು ಗಂಟೆ ಸಿಗುತ್ತದೆ ಅನ್ನುವುದನ್ನು ಮಾತ್ರ. ಎಂಎಎಚ್ ಅದರ ಸಾವಿರದ ಒಂದು ಭಾಗ.

ಮೊದಲು ಹಳೇ ಬ್ಯಾಟರಿ. ಮುಚ್ಚಳ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಇರುವ ಸೀಲ್ ಮಾಡಿದ ಲೆಡ್-ಆಸಿಡ್: 12 ವೋಲ್ಟ್, 8 ಎಎಚ್. ಉದ್ದ 151, ಅಗಲ 65, ಎತ್ತರ 94 ಮಿಲಿಮೀಟರ್. ತೂಕ 2.4 ಕೆಜಿ. ಹಳೇ ಬೈಕಿನ 12 ವೋಲ್ಟ್ 35 ವ್ಯಾಟ್ ಹೆಡ್‌ಲೈಟ್ ಬಲ್ಬನ್ನು ಲೋಡಾಗಿ ಹಾಕಿ, ನಡುವೆ ಒಂದು ಡಿಸಿ ವ್ಯಾಟ್‌ಮೀಟರ್ ಸೇರಿಸಿದೆ. ಈ ಮೀಟರ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ವೋಲ್ಟ್, ಆಂಪ್, ವ್ಯಾಟ್ ಜೊತೆಗೆ ಎಎಚ್ ಮತ್ತು ವ್ಯಾಟ್-ಅವರ್ ಎರಡನ್ನೂ ಕೂಡಿಸುತ್ತಾ ಹೋಗುತ್ತದೆ. ಬ್ಯಾಟರಿ ಕೆಲಸ ಮಾಡುವವರು ಮಲ್ಟಿಮೀಟರ್ ಆದ ಮೇಲೆ ಕೊಳ್ಳಬೇಕಾದ ಎರಡನೇ ಸಾಮಾನು ಇದೇ ಎಂದು ನನ್ನ ಅಭಿಪ್ರಾಯ.

ಪೂರ್ತಿ ಚಾರ್ಜ್ ಮಾಡಿ ಬಿಟ್ಟೆ. ವೋಲ್ಟೇಜ್ 10.5ಕ್ಕೆ ಇಳಿದಾಗ ಮೀಟರ್ ತೋರಿಸಿದ್ದು 2.1 ಎಎಚ್, 24.6 ವ್ಯಾಟ್-ಅವರ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, 11.7 ಬರುತ್ತದೆ. ಅದೇ ಈ ಬ್ಯಾಟರಿ ಖಾಲಿಯಾಗುವ ತನಕ ಕೊಟ್ಟ ಸರಾಸರಿ ವೋಲ್ಟೇಜ್. ಇಡೀ ಲೆಕ್ಕದ ಬೀಜ ಇಲ್ಲೇ ಇದೆ. ಎಎಚ್ ಅನ್ನು ವೋಲ್ಟೇಜಿನಿಂದ ಗುಣಿಸಿದರೆ ವ್ಯಾಟ್-ಅವರ್. ವ್ಯಾಟ್-ಅವರನ್ನು ವೋಲ್ಟೇಜಿನಿಂದ ಭಾಗಿಸಿದರೆ ಎಎಚ್. ಎಂಎಎಚ್ ಇದ್ದರೆ ಮೊದಲು 1000ದಿಂದ ಭಾಗಿಸಿಕೊಳ್ಳಿ. ಇದಕ್ಕಿಂತ ದೊಡ್ಡ ಸೂತ್ರ ಏನೂ ಇಲ್ಲ. ಆದರೆ ಯಾವ ವೋಲ್ಟೇಜ್ ಹಾಕಬೇಕು ಅನ್ನುವುದರಲ್ಲಿ ಎಲ್ಲರೂ ಎಡವುತ್ತಾರೆ.

ಇನ್ನೊಂದು ಬದಿಯ ಅಳತೆ, ಅಂದರೆ ಪಂಪು ಎಷ್ಟು ತಿನ್ನುತ್ತದೆ ಅನ್ನುವುದು. ಬರೀ ನೀರು ತುಂಬಿ, ಬ್ಯಾಟರಿ ಬದಲು ನನ್ನ ಟೇಬಲ್ ಮೇಲಿನ ಪವರ್ ಸಪ್ಲೈ ಕೊಟ್ಟು 12.8 ವೋಲ್ಟಿಗೆ ಇಟ್ಟೆ. ಮಾವ ಬಳಸುವ ನಾಝಲ್ಲನ್ನೇ ಹಾಕಿ ಹಿತ್ತಲಿನಲ್ಲಿ ಹೊಡೆದೆ. ಕರೆಂಟ್ 2.4 ಆಂಪ್ ಸುತ್ತಮುತ್ತ ನಿಂತಿತು. ಅಂದರೆ 30.7 ವ್ಯಾಟ್. 16 ಲೀಟರ್ ಖಾಲಿಯಾಗಲು ಹತ್ತು ನಿಮಿಷ ಬೇಕಾಯಿತು. ಒಂದು ಗಂಟೆಯ ಆರನೇ ಒಂದು ಭಾಗ. 30.7ನ್ನು ಆರರಿಂದ ಭಾಗಿಸಿದರೆ 5.1.

ಒಂದು ಟ್ಯಾಂಕಿಗೆ 5.1 ವ್ಯಾಟ್-ಅವರ್. ಈ ಅಂಕಿ ಸಿಕ್ಕ ಕ್ಷಣದಿಂದ ಉಳಿದದ್ದೆಲ್ಲ ಸಲೀಸು. ಹಳೇ ಬ್ಯಾಟರಿಯ 24.6ನ್ನು 5.1ರಿಂದ ಭಾಗಿಸಿದರೆ 4.8 ಟ್ಯಾಂಕ್. ಮಾವ ಹೇಳಿದ "ನಾಲ್ಕೈದು ಟ್ಯಾಂಕ್" ಸರಿಯಾಗಿ ಕೂತಿತು. ಎಕರೆಗೆ 200 ಲೀಟರ್ ದ್ರಾವಣ ಎಂದು ಹಿಡಿದರೆ ಹನ್ನೆರಡೂವರೆ ಟ್ಯಾಂಕ್, ಅಂದರೆ ಎಕರೆಗೆ 64 ವ್ಯಾಟ್-ಅವರ್. ಮಾವನಿಗೆ ಬೇಕಿದ್ದುದು ಒಂದೇ ಚಾರ್ಜಿನಲ್ಲಿ ಎರಡು ಎಕರೆ. ಹಾಗಾಗಿ ನನ್ನ ಗುರಿ 128 ವ್ಯಾಟ್-ಅವರ್, ಕಾಗದದ ಮೇಲಲ್ಲ, ಕೈಗೆ ಸಿಗುವಂಥದ್ದು.

ನೀರನ್ನು ತಳ್ಳುವ ಕೆಲಸಕ್ಕೆ ನಿಜವಾಗಿ ಬೇಕಾದದ್ದು ಎಷ್ಟು ಅಂತಲೂ ಲೆಕ್ಕ ಹಾಕಿ ನೋಡಿದೆ, ಕುತೂಹಲಕ್ಕೆ. ಒತ್ತಡ ಸುಮಾರು 3 ಬಾರ್ ಎಂದು ಇಟ್ಟುಕೊಳ್ಳೋಣ. 16 ಲೀಟರನ್ನು ಆ ಒತ್ತಡದಲ್ಲಿ ತಳ್ಳಲು 4800 ಜೂಲ್ ಸಾಕು. ಒಂದು ವ್ಯಾಟ್-ಅವರ್ ಎಂದರೆ 3600 ಜೂಲ್. ಅಲ್ಲಿಗೆ 1.33 ವ್ಯಾಟ್-ಅವರ್. ಉಳಿದ ಮುಕ್ಕಾಲು ಭಾಗ ಮೋಟರ್ ಮತ್ತು ಡಯಾಫ್ರಂನಲ್ಲಿ ಶಾಖವಾಗಿ, ಸದ್ದಾಗಿ ಹೋಗುತ್ತದೆ. ಇಂಥ ಚಿಕ್ಕ ಪಂಪಿನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬೇಕಾಗಿಲ್ಲ.

ಈಗ ಮಾವನ ಮುಂದಿದ್ದ ಎರಡು ಆಯ್ಕೆ ನೋಡೋಣ. ಅವೆರಡನ್ನೂ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೈಯಲ್ಲಿ ಹಿಡಿದು ನೋಡಿದೆ.

12 ಎಎಚ್ ಲೆಡ್-ಆಸಿಡ್: 12ನ್ನು 12ರಿಂದ ಗುಣಿಸಿದರೆ 144 ವ್ಯಾಟ್-ಅವರ್, ಗುರಿಗಿಂತ ಜಾಸ್ತಿಯೇ ಅನ್ನಿಸುತ್ತದೆ. ಆದರೆ ಸೀಲ್ಡ್ ಲೆಡ್-ಆಸಿಡ್ ಮೇಲೆ ಬರೆದ ಎಎಚ್ ಸಾಮಾನ್ಯವಾಗಿ 20 ಗಂಟೆಯ ಲೆಕ್ಕದ್ದು. ಬ್ಯಾಟರಿಯ ಮೈಮೇಲೆ ಸಿ20 ಅಥವಾ "20 ಎಚ್‌ಆರ್" ಅಂತ ಚಿಕ್ಕದಾಗಿ ಬರೆದಿರುತ್ತಾರೆ. 8 ಎಎಚ್ ಬ್ಯಾಟರಿಯಿಂದ ಗಂಟೆಗಟ್ಟಲೆ 0.4 ಆಂಪ್ ಮಾತ್ರ ಎಳೆದರೆ ಪೂರ್ತಿ 8 ಎಎಚ್ ಸಿಗುತ್ತದೆ. ನಮ್ಮ ಪಂಪು ಎಳೆಯುವುದು ಅದರ ಆರು ಪಟ್ಟು. ಆ ವೇಗದಲ್ಲಿ ಹೊಚ್ಚಹೊಸ 8 ಎಎಚ್ ಬ್ಯಾಟರಿ ಕೂಡ ಕೊಡುವುದು ಐದೂವರೆ ಎಎಚ್ ಆಸುಪಾಸು, ಸುಮಾರು 65 ವ್ಯಾಟ್-ಅವರ್. ಹೊಸದರಲ್ಲಿ ಒಂದು ಎಕರೆ ಮುಗಿಯುತ್ತಿದ್ದುದು ಇದರಿಂದಲೇ. 12 ಎಎಚ್‌ನದ್ದೂ ಇದೇ ಜಾತಿ. ಲೆಕ್ಕ ಹಾಕಿದರೆ 100ರ ಹತ್ತಿರ ಬಂದು ನಿಲ್ಲುತ್ತದೆ, ಎರಡು ಎಕರೆಗೆ ಸಾಲದು. ಮೇಲಾಗಿ ಅದರ ಅಗಲ 98 ಮಿಲಿಮೀಟರ್, ಪಂಪಿನ ಗೂಡಿನೊಳಗೆ ಹೋಗುವುದೇ ಇಲ್ಲ. ತೂಕ ಮೂರೂವರೆ ಕೆಜಿ ಮೇಲೆ. ಬೆನ್ನ ಮೇಲೆ ಆಗಲೇ 16 ಲೀಟರ್ ನೀರಿರುತ್ತದೆ.

ಇನ್ನು 7800 ಎಂಎಎಚ್ ಲಿಥಿಯಂ. ನೀಲಿ ಪ್ಲಾಸ್ಟಿಕ್ ಸುತ್ತಿದ ಚಿಕ್ಕ ಪ್ಯಾಕ್. ಅಂಗೈಯಲ್ಲಿ ಇಟ್ಟುಕೊಂಡಾಗಲೇ ಅನುಮಾನ ಬಂತು, ಅಷ್ಟು ಹಗುರ. ಅಂಗಡಿಯ ತಕ್ಕಡಿಯಲ್ಲಿ 150 ಗ್ರಾಂ ಕೂಡ ತೂಗಲಿಲ್ಲ. ಪ್ಲಾಸ್ಟಿಕ್ಕಿನ ಮೇಲಿಂದ ಬೆರಳಾಡಿಸಿದರೆ ಮೂರು ಸೆಲ್ ಮಾತ್ರ ಸಿಕ್ಕವು. 18650 ಸೆಲ್, ಅಂದರೆ 18 ಮಿಲಿಮೀಟರ್ ದಪ್ಪ, 65 ಉದ್ದ. ಒಂದೊಂದರ ತೂಕ 45 ಗ್ರಾಂ ಚಿಲ್ಲರೆ. ಒಂದೊಂದು 2600 ಎಂಎಎಚ್ ಇದ್ದರೆ ಮೂರನ್ನು ಕೂಡಿಸಿ 7800 ಅಂತ ಬರೆದಿದ್ದಾರೆ!

ಇಲ್ಲಿ ನಿಧಾನವಾಗಿ ನೋಡಬೇಕು. ಮೂರು ಸೆಲ್ ಸಾಲಾಗಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಜೋಡಿಸಿದರೆ ವೋಲ್ಟೇಜ್ ಕೂಡುತ್ತದೆ, 3.7 ಮೂರು ಸಲ, 11.1. ಆದರೆ ಮೂರರಲ್ಲೂ ಹರಿಯುವುದು ಒಂದೇ ಕರೆಂಟ್. ಹಾಗಾಗಿ ಎಎಚ್ ಕೂಡುವುದಿಲ್ಲ, 2.6 ಎಎಚ್ ಆಗಿಯೇ ಉಳಿಯುತ್ತದೆ. 2.6 ಗುಣಿಸು 11.1, ಒಟ್ಟು 28.9 ವ್ಯಾಟ್-ಅವರ್. ಅದೇ ಮೂರನ್ನು ಪಕ್ಕಪಕ್ಕ, ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಜೋಡಿಸಿದರೆ 7.8 ಎಎಚ್ ನಿಜ, ಆದರೆ ವೋಲ್ಟೇಜ್ 3.7 ಮಾತ್ರ. ಗುಣಿಸಿದರೆ ಮತ್ತೆ ಅದೇ 28.9. ಹೇಗೆ ಜೋಡಿಸಿದರೂ ವ್ಯಾಟ್-ಅವರ್ ಬದಲಾಗುವುದಿಲ್ಲ, ಯಾಕೆಂದರೆ ಒಳಗಿರುವ ಸೆಲ್ಲುಗಳು ಅಷ್ಟೇ. 7800ನ್ನು 3.7 ವೋಲ್ಟಿನಿಂದ ತಂದು, ಪಕ್ಕದಲ್ಲಿ 12 ವೋಲ್ಟ್ ಅಂತ ಬರೆದರೆ ಓದುವವರಿಗೆ ಮೂರು ಪಟ್ಟು ಕಾಣುತ್ತದೆ. ರೈತರು ದುಡ್ಡು ಕೊಟ್ಟು ಐದೂವರೆ ಟ್ಯಾಂಕಿನ ಬ್ಯಾಟರಿ ತಗೊಂಡು ಹೋಗುತ್ತಾರೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಪವರ್ ಬ್ಯಾಂಕ್ ಕೂಡ ಇದೇ ದಾರಿಯದು, ಆದರೆ ಅಲ್ಲಿ ಸ್ವಲ್ಪ ನ್ಯಾಯವಿದೆ. 10000 ಎಂಎಎಚ್ ಅನ್ನುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, 37 ವ್ಯಾಟ್-ಅವರ್. ಹೊರಗೆ 5 ವೋಲ್ಟಿಗೆ ಏರಿಸಿ ಕೊಡುವಾಗ 37ನ್ನು 5ರಿಂದ ಭಾಗಿಸಬೇಕು, 7400. ಏರಿಸುವ ಸರ್ಕ್ಯೂಟಿನ ನಷ್ಟ ಕಳೆದರೆ ಆರು ಸಾವಿರ ಚಿಲ್ಲರೆ. ಪೆಟ್ಟಿಗೆಯ ಹಿಂದೆ "ರೇಟೆಡ್ ಕೆಪಾಸಿಟಿ" ಅಂತ ಸಣ್ಣಕ್ಷರದಲ್ಲಿ ಇರುವುದು ಈ ಅಂಕಿ. ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಮಿತಿಯನ್ನು 100 ವ್ಯಾಟ್-ಅವರ್ ಎಂದು ಇಟ್ಟಿರುವುದಕ್ಕೂ ಇದೇ ಕಾರಣ, ವೋಲ್ಟೇಜ್ ಇಲ್ಲದ ಎಂಎಎಚ್‌ಗೆ ಅರ್ಥವಿಲ್ಲ.

ನಾನು ಆರಿಸಿದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯವರ ಬಾಯಲ್ಲಿ ಎಲ್‌ಎಫ್‌ಪಿ. 32700 ಸೈಜಿನ ದಪ್ಪ ಸೆಲ್: 32 ಮಿಲಿಮೀಟರ್ ದಪ್ಪ, 70 ಉದ್ದ, 3.2 ವೋಲ್ಟ್, 6 ಎಎಚ್. ಒಂದಕ್ಕೆ 19.2 ವ್ಯಾಟ್-ಅವರ್. ಎಂಟು ಸೆಲ್ ತಂದೆ. ಎರಡೆರಡನ್ನು ಪಕ್ಕಪಕ್ಕ, ಅಂಥ ನಾಲ್ಕು ಜೋಡಿಯನ್ನು ಸಾಲಾಗಿ: 12.8 ವೋಲ್ಟ್, 12 ಎಎಚ್, 153.6 ವ್ಯಾಟ್-ಅವರ್. ಬಿಸಿಲಲ್ಲಿ ಬೆನ್ನ ಮೇಲೆ ಇರುವ ಬ್ಯಾಟರಿಗೆ ಎಲ್‌ಎಫ್‌ಪಿಯೇ ವಾಸಿ. ಮೊಬೈಲ್, ಲ್ಯಾಪ್‌ಟಾಪಿನ ಮಾಮೂಲಿ ಲಿಥಿಯಂ ಸೆಲ್ಲಿನಷ್ಟು ಸುಲಭವಾಗಿ ಇದು ಹೊತ್ತಿಕೊಳ್ಳುವುದಿಲ್ಲ. ನಾಲ್ಕು ಸೆಲ್ ಸೇರಿದರೆ ಲೆಡ್-ಆಸಿಡ್ ವೋಲ್ಟೇಜಿಗೂ ಹತ್ತಿರ ಬರುತ್ತದೆ, ಪಂಪಿನಲ್ಲಿ ಏನೂ ಬದಲಿಸಬೇಕಾಗಿಲ್ಲ.

ಸೆಲ್ ತಂದ ಮೇಲೆ ಒಂದೊಂದನ್ನೂ 3.65 ವೋಲ್ಟಿಗೆ ಚಾರ್ಜ್ ಮಾಡಿ, 2.5 ವೋಲ್ಟ್ ತನಕ ಖಾಲಿ ಮಾಡಿ ಅಳೆದೆ. ಬೇಸರದ ಕೆಲಸ, ಆದರೆ ಬಿಡಬಾರದು. 5.7ರಿಂದ 5.9 ಎಎಚ್ ಒಳಗೆ ಎಲ್ಲವೂ ಬಂದವು. ಜಾಸ್ತಿ ಇರುವುದನ್ನು ಕಡಿಮೆ ಇರುವುದರ ಜೊತೆ ಜೋಡಿ ಮಾಡಿದೆ, ನಾಲ್ಕೂ ಜೋಡಿ ಸಮ ಆಗುವ ಹಾಗೆ. ಸಾಲಿನಲ್ಲಿ ಅತಿ ಬಡಕಲು ಜೋಡಿ ಖಾಲಿಯಾದ ತಕ್ಷಣ ಇಡೀ ಪ್ಯಾಕ್ ನಿಲ್ಲುತ್ತದೆ, ಅದಕ್ಕೆ ಈ ಜಾಗ್ರತೆ. ಆಮೇಲೆ ಎಂಟನ್ನೂ ಪಕ್ಕಪಕ್ಕ ಕಟ್ಟಿ, ಒಟ್ಟಿಗೆ 3.65 ವೋಲ್ಟಿಗೆ ತಂದು ನಿಲ್ಲಿಸಿದೆ. ಇದರಿಂದ ಎಲ್ಲವೂ ಒಂದೇ ಮಟ್ಟದಿಂದ ಶುರುವಾಗುತ್ತವೆ.

ಗೂಡಿನ ಅಗಲ ಅಳೆದಾಗ ಸ್ಪಂಜು ತೆಗೆದರೆ 69 ಮಿಲಿಮೀಟರ್ ಸಿಕ್ಕಿತು. ಸೆಲ್ಲಿಗೆ ಹಾಕುವ ಪ್ಲಾಸ್ಟಿಕ್ ಹೋಲ್ಡರ್ ಬಳಸಿದರೆ 70 ದಾಟುತ್ತದೆ. ಹಾಗಾಗಿ ಹೋಲ್ಡರ್ ಬಿಟ್ಟೆ. ಸೆಲ್ಲುಗಳ ನಡುವೆ ಬಾರ್ಲಿ ಪೇಪರ್ (ಕರೆಂಟ್ ಹರಿಯದ ಗಟ್ಟಿ ಕಾಗದ) ಪಟ್ಟಿ ಇಟ್ಟು, ಪಕ್ಕಪಕ್ಕ ಅಂಟಿಸಿ, ತುದಿಗಳಿಗೆ ಅದೇ ಪೇಪರಿನ ಬಳೆ ಹಾಕಿದೆ. ಸೆಲ್ಲಿನ ಪಾಸಿಟಿವ್ ತುದಿಯ ಸುತ್ತ ಇರುವ ಅಂಚು ನೆಗೆಟಿವ್ ಆಗಿರುತ್ತದೆ. ನಡುವೆ ತೆಳು ಪ್ಲಾಸ್ಟಿಕ್ ಅಷ್ಟೇ. ಅದರ ಮೇಲೆ ನಿಕಲ್ ಪಟ್ಟಿ ಉಜ್ಜಿ ಉಜ್ಜಿ ತೂತಾದರೆ ಶಾರ್ಟ್. ಈ ಕಾಗದದ ಬಳೆಯನ್ನು ಯಾರೂ ಬಿಡಬೇಡಿ.

ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡರ್‌ನಿಂದ ಕೂರಿಸಿದೆ. ಸೋಲ್ಡರಿಂಗ್ ಐರನ್ನಿನಲ್ಲಿ ನೇರವಾಗಿ ಸೆಲ್ಲಿನ ಮೇಲೆ ಬೆಸುಗೆ ಹಾಕಿದರೆ ಒಳಗಿನ ತನಕ ಕಾವು ಹೋಗಿ ಸೆಲ್ ಹಾಳಾಗುತ್ತದೆ. ವೆಲ್ಡರ್ ಇಲ್ಲದವರು ತುದಿಯಲ್ಲಿ ಸ್ಕ್ರೂ ಇರುವ ಸೆಲ್ಲನ್ನೇ ಕೇಳಿ ತಗೊಳ್ಳಿ, ಅದೂ ಸಿಗುತ್ತದೆ. ಪಟ್ಟಿ ಶುದ್ಧ ನಿಕಲ್ ಇರಬೇಕು. ಕಬ್ಬಿಣಕ್ಕೆ ನಿಕಲ್ ಬಳಿದದ್ದೂ ಮಾರ್ಕೆಟ್ಟಿನಲ್ಲಿದೆ. ಒಂದು ತುಂಡನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಪ್ಪುನೀರಲ್ಲಿ ರಾತ್ರಿ ಬಿಟ್ಟರೆ ಬೆಳಗ್ಗೆ ತುಕ್ಕು ಕಂಡೇ ಕಾಣುತ್ತದೆ.

ಸೆಲ್ ಮಿತಿ ಮೀರಿ ಚಾರ್ಜ್ ಆಗದಂತೆ, ತೀರಾ ಖಾಲಿಯಾಗದಂತೆ ಕಾಯುವ ಬಿಎಂಎಸ್ ಬೋರ್ಡ್ ಕೊಳ್ಳುವಾಗ ಒಂದು ಮಾತು. ನಾಲ್ಕು ಸೆಲ್ ಸಾಲಿನ ಬೋರ್ಡ್ ಎರಡು ಥರ ಬರುತ್ತದೆ. ಮಾಮೂಲಿ ಲಿಥಿಯಂಗೆ ಸೆಲ್ಲಿಗೆ 4.2 ವೋಲ್ಟಿನದು, ಎಲ್‌ಎಫ್‌ಪಿಗೆ 3.65ರದ್ದು. ನೋಡಲು ಎರಡೂ ಒಂದೇ ಥರ. ಮೊದಲನೆಯದನ್ನು ಹಾಕಿದರೆ ಸೆಲ್ ಮಿತಿ ಮೀರಿ ಚಾರ್ಜ್ ಆದರೂ ಬೋರ್ಡ್ ಸುಮ್ಮನಿರುತ್ತದೆ. ಬ್ಯಾಲೆನ್ಸ್ ವೈರಿನ (ಒಂದೊಂದು ಜೋಡಿಯಿಂದ ಬೋರ್ಡಿಗೆ ಹೋಗುವ ಸಣ್ಣ ವೈರುಗಳ) ಪ್ಲಗ್ ಸಿಕ್ಕಿಸುವ ಮೊದಲು ಮಲ್ಟಿಮೀಟರಿನಲ್ಲಿ ಒಂದೊಂದು ಪಿನ್ ನೋಡಿದೆ: 3.3, 6.6, 9.9, 13.2. ಹೀಗೆ ಮೆಟ್ಟಿಲಿನ ಹಾಗೆ ಏರಿದರೆ ಮಾತ್ರ ಪ್ಲಗ್ ಒಳಗೆ ಹೋಗಬೇಕು. ಪಾಸಿಟಿವ್ ವೈರಿಗೆ 10 ಆಂಪಿನ ಫ್ಯೂಸ್ ಹಾಕಿ, ಮೇಲೆ ಅಗಲದ ಶ್ರಿಂಕ್ ಸ್ಲೀವ್ ಎಳೆದು ಬಿಸಿಗಾಳಿ ಕೊಟ್ಟೆ. ಪ್ಯಾಕ್ ತೂಕ 1.3 ಕೆಜಿ. ಹಳೆಯದಕ್ಕಿಂತ ಒಂದು ಕೆಜಿ ಮೇಲೆ ಹಗುರ.

ಅದೇ ಬಲ್ಬು, ಅದೇ ಮೀಟರ್. ಪೂರ್ತಿ ಚಾರ್ಜಿನಿಂದ ಬಿಎಂಎಸ್ ಕಟ್ ಮಾಡುವ ತನಕ 11.6 ಎಎಚ್, 149 ವ್ಯಾಟ್-ಅವರ್. ಭಾಗಿಸಿದರೆ 12.84 ವೋಲ್ಟ್. ಎಲ್‌ಎಫ್‌ಪಿಯ ಚೆಂದ ಇದು, ಚೀಟಿಯ ಮೇಲಿನ 12.8 ಮತ್ತು ನಿಜವಾದ ಸರಾಸರಿ ಬಹುತೇಕ ಒಂದೇ. ಶುರುವಿನ ಸ್ವಲ್ಪ ಹೊತ್ತು, ಕೊನೆಯ ಸ್ವಲ್ಪ ಹೊತ್ತು ಬಿಟ್ಟರೆ ವೋಲ್ಟೇಜ್ ಸಮತಟ್ಟಾಗಿ ಹೋಗುತ್ತದೆ. ಮಾಮೂಲಿ ಲಿಥಿಯಂ ಸೆಲ್ 4.2ರಿಂದ ಮೂರರ ತನಕ ಇಳಿಯುತ್ತಲೇ ಇರುತ್ತದೆ. ಅಲ್ಲಿ ಪರಿವರ್ತನೆಗೆ 4.2 ಹಾಕಿದರೆ ಲೆಕ್ಕ ಉಬ್ಬುತ್ತದೆ, 3.6 ಅಥವಾ 3.7 ಹಾಕಬೇಕು.

149 ಪೂರ್ತಿ ಬಳಸುವುದು ಬೇಡ, ಹತ್ತರಲ್ಲಿ ಒಂದು ಪಾಲು ಉಳಿಸೋಣ. 134 ವ್ಯಾಟ್-ಅವರ್, 26 ಟ್ಯಾಂಕ್. ಎರಡು ಎಕರೆಗೆ ಬೇಕಿರುವುದು 25.

ಚಾರ್ಜರ್ ಹಳೆಯದು ಬೇಡ ಅಂತ ಹೊಸದು ಕೊಟ್ಟೆ, 14.6 ವೋಲ್ಟ್, 2 ಆಂಪಿನ ಎಲ್‌ಎಫ್‌ಪಿ ಚಾರ್ಜರ್. ಎಷ್ಟು ಹೊತ್ತು ಬೇಕು ಅನ್ನುವ ಪ್ರಶ್ನೆಗೆ ಮಾತ್ರ ಎಎಚ್ ಲೆಕ್ಕವೇ ಸರಿ. 12 ಎಎಚ್, 2 ಆಂಪ್, ಆರು ಗಂಟೆ, ಕೊನೆಯಲ್ಲಿ ಕರೆಂಟ್ ಇಳಿಯುವುದರಿಂದ ಇನ್ನೂ ಸ್ವಲ್ಪ. ಒಳಗೆ ಹೋದದ್ದನ್ನೂ ಮೀಟರಿನಲ್ಲಿ ನೋಡಿದೆ: 11.7 ಎಎಚ್, 158 ವ್ಯಾಟ್-ಅವರ್. ಎಎಚ್ ಬಹುತೇಕ ಹೋದಷ್ಟೇ ವಾಪಸ್ ಬಂದಿದೆ, ವ್ಯಾಟ್-ಅವರ್ ಮಾತ್ರ 9 ಕಡಿಮೆ. ಚಾರ್ಜ್ ಆಗುವಾಗ ಸರಾಸರಿ 13.5 ವೋಲ್ಟಿನಲ್ಲಿ ತಳ್ಳುತ್ತೇವೆ, ವಾಪಸ್ ಸಿಗುವುದು 12.84ರಲ್ಲಿ. ಆ ವ್ಯತ್ಯಾಸವೇ ನಷ್ಟ. ಚಾರ್ಜರಿನ ನಷ್ಟ ಸೇರಿಸಿದರೂ ಗೋಡೆಯಿಂದ ಎಳೆಯುವುದು ಒಂದು ಯೂನಿಟ್‌ನ ಐದನೇ ಒಂದು ಭಾಗದಷ್ಟು, ಯಾಕೆಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್.

ಮಾವನಿಗೆ ಒಂದು ವಿಷಯ ಒತ್ತಿ ಹೇಳಿದೆ. ಪಂಪಿನ ಮೇಲಿರುವ ಮುಳ್ಳಿನ ಮೀಟರ್ ಲೆಡ್-ಆಸಿಡ್ಡಿಗೆ ಮಾಡಿದ್ದು, ಅದನ್ನು ಇನ್ನು ನಂಬಬೇಡಿ. ಮುಳ್ಳು ಕೊನೆಯ ತನಕ ಹಸಿರಿನಲ್ಲೇ ಇದ್ದು ಒಮ್ಮೆಲೇ ಬೀಳುತ್ತದೆ. ಟ್ಯಾಂಕ್ ಎಣಿಸಿ ಸಾಕು. ಪ್ಯಾಕಿನ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದೂ ಕೊಟ್ಟೆ: "12.8 ವೋಲ್ಟ್, 12 ಎಎಚ್, 149 ವ್ಯಾಟ್-ಅವರ್ ಅಳೆದದ್ದು, 25 ಟ್ಯಾಂಕ್."

ಹಳೇ ಲೆಡ್-ಆಸಿಡ್ ಬ್ಯಾಟರಿಯನ್ನು ಮಾವ ಬ್ಯಾಟರಿ ಅಂಗಡಿಗೆ ವಾಪಸ್ ಕೊಟ್ಟರು. ಸೀಸಕ್ಕೆ ತೂಕದ ಮೇಲೆ ಬೆಲೆ ಸಿಗುತ್ತದೆ, ಹೊಲದ ಬದುವಿನಲ್ಲಿ ಎಸೆಯುವ ಸಾಮಾನಲ್ಲ ಅದು. ಈಗ ಪಕ್ಕದ ಹೊಲದವರೂ ಕೇಳಿದ್ದಾರೆ. ಅವರದ್ದು ಅರ್ಧ ಎಕರೆ ತರಕಾರಿ, ಎಕರೆಗೆ 64ರ ಲೆಕ್ಕದಲ್ಲಿ 32 ವ್ಯಾಟ್-ಅವರ್ ಸಾಕು. ನಾಲ್ಕೇ ಸೆಲ್ ಸಾಲಾಗಿ ಹಾಕಿದರೆ 76.8 ಆಗುತ್ತದೆ, ಎರಡು ಸಲ ಹೊಡೆದರೂ ಮಿಗುತ್ತದೆ. ಅವರ ಪಂಪಿನ ನಾಝಲ್ ಬೇರೆ, ಹಾಗಾಗಿ ಮೊದಲು ಒಂದು ಟ್ಯಾಂಕ್ ನೀರು ಹೊಡೆದು ಅಳೆದ ಮೇಲೆಯೇ ಸೆಲ್ ತರುತ್ತೇನೆ ಅಂದಿದ್ದೇನೆ.